ಒಂದು ಸೆಂಟ್‌ನ ಕಾರ್ಡು: ಹಳೆಯ ಆರ್ಕೇಡ್ ಯಂತ್ರದ ಕಾರ್ಡುಗಳನ್ನು ಸಂಗ್ರಹಿಸುವುದು ಹೇಗೆ

ಚಿಕ್ಕಂದಿನಲ್ಲಿ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ನಮಗೆಲ್ಲ ಇದ್ದದ್ದು ಒಂದೇ ಆಕರ್ಷಣೆ. ಬಣ್ಣದ ದೀಪ ಮಿನುಗುವ ತೂಕದ ಯಂತ್ರ. ಹತ್ತಿ ನಿಂತು ನಾಣ್ಯ ಹಾಕಿದರೆ ಚಕ್ರ ಗಿರಗಿರ ತಿರುಗಿ, ಟಪ್ ಅಂತ ಒಂದು ರಟ್ಟಿನ ಟಿಕೆಟ್ ಬೀಳುತ್ತಿತ್ತು. ಒಂದು ಕಡೆ ತೂಕ, ಜೊತೆಗೆ ಒಂದು ಸಾಲಿನ ಭವಿಷ್ಯ. ಇನ್ನೊಂದು ಕಡೆ ಸಿನಿಮಾ ನಟನದೋ ನಟಿಯದೋ ಚಿತ್ರ. ಯಾರ ಚಿತ್ರ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ತೂಕ ಯಾರಿಗೆ ಬೇಕಿತ್ತು? ನಮಗೆ ಬೇಕಿದ್ದದ್ದು ಆ ಟಿಕೆಟ್ ಅಲ್ವಾ!

ಬಹಳ ವರ್ಷಗಳ ಮೇಲೆ ಅಮೆರಿಕದಲ್ಲಿ ಒಂದು ಹಳೆ ಸಾಮಾನಿನ ಸಂತೆಯಲ್ಲಿ ಶೂ ಡಬ್ಬಿಯೊಂದನ್ನು ಕೆದಕುತ್ತಿದ್ದೆ. ಪೋಸ್ಟ್‌ಕಾರ್ಡ್ ಗಾತ್ರದ, ಕಂದು ಬಣ್ಣದ ಒಂದು ಕಾರ್ಡು ಕೈಗೆ ಬಂತು. ಕುದುರೆ ಪಕ್ಕ ನಿಂತ ಒಬ್ಬ ಕೌಬಾಯ್ ನಟ. ಹಿಂಬದಿ ಪೂರ್ತಿ ಖಾಲಿ. ಇದು ಯಂತ್ರದಿಂದ ಬಿದ್ದ ಕಾರ್ಡು, ಒಂದು ಸೆಂಟ್ ಹಾಕಿದರೆ ಬರುತ್ತಿತ್ತು ಅಂತ ಮಾರುವ ಅಜ್ಜ ಹೇಳಿದಾಗ ನನಗೆ ಅರಸೀಕೆರೆಯೇ ನೆನಪಾಯಿತು. ಅಲ್ಲಿಂದ ಶುರು. ಇಷ್ಟು ವರ್ಷ ಕಲಿತದ್ದನ್ನು, ದುಡ್ಡು ಕಳೆದುಕೊಂಡು ಕಲಿತದ್ದನ್ನೂ ಸೇರಿಸಿ, ಹೊಸದಾಗಿ ಶುರು ಮಾಡುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇವು ಏನು ಅಂತ ತಿಳಿದುಕೊಳ್ಳಿ

ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಊರೂರಲ್ಲಿ ಪೆನ್ನಿ ಆರ್ಕೇಡ್‌ಗಳು ಇದ್ದವು. ನ್ಯೂಯಾರ್ಕಿನ ಕೋನಿ ಐಲ್ಯಾಂಡ್, ಅಟ್ಲಾಂಟಿಕ್ ಸಿಟಿ ತರಹದ ಕಡಲ ತೀರದ ಊರುಗಳಲ್ಲಂತೂ ಸಾಲು ಸಾಲು. ಒಂದು ಸೆಂಟ್ ಹಾಕಿ ಆಡುವ, ನೋಡುವ, ಭವಿಷ್ಯ ಕೇಳುವ ಯಂತ್ರಗಳ ಮನೆ ಅವು. ಅಲ್ಲೇ ಒಂದು ಕಡೆ ಕಾರ್ಡು ಕೊಡುವ ಯಂತ್ರ ಇರುತ್ತಿತ್ತು. ಮುಂದಿನ ಗಾಜಿನ ಹಿಂದೆ ನಾಲ್ಕಾರು ಮಾದರಿ ಕಾರ್ಡು ಅಂಟಿಸಿರುತ್ತಿದ್ದರು. ಸೆಂಟ್ ಹಾಕಿ ಹಿಡಿ ತಳ್ಳಿದರೆ ಒಳಗಿನ ಅಡಕದಿಂದ ಒಂದು ಕಾರ್ಡು ಹೊರಗೆ ಬರುತ್ತಿತ್ತು. ಗಾಜಿನಲ್ಲಿ ಕಂಡದ್ದೇ ಬರಬೇಕು ಅಂತೇನಿರಲಿಲ್ಲ.

ಈ ಕಾರ್ಡುಗಳ ದೊಡ್ಡ ಹೆಸರು ಚಿಕಾಗೋದ ಎಕ್ಸಿಬಿಟ್ ಸಪ್ಲೈ ಕಂಪನಿ. 1901ರಲ್ಲಿ ಶುರುವಾದದ್ದು. ಆರ್ಕೇಡ್ ಯಂತ್ರಗಳನ್ನೂ ಇವರೇ ಮಾಡುತ್ತಿದ್ದರು, ಅದರೊಳಗೆ ತುಂಬುವ ಕಾರ್ಡುಗಳನ್ನೂ ಇವರೇ ಮುದ್ರಿಸಿ ಆರ್ಕೇಡ್ ನಡೆಸುವವರಿಗೆ ಕಟ್ಟುಕಟ್ಟಾಗಿ ಮಾರುತ್ತಿದ್ದರು. ಅದಕ್ಕೇ ಸಂಗ್ರಹಕಾರರು ಇವನ್ನೆಲ್ಲ ಸುಮ್ನೆ 'ಎಕ್ಸಿಬಿಟ್ಸ್' ಅಂತಲೇ ಕರೆಯುತ್ತಾರೆ. ಇನ್ನೊಂದು ಹೆಸರು ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಮ್ಯೂಟೊಸ್ಕೋಪ್ ರೀಲ್ ಕಂಪನಿ. 1940ರ ದಶಕದ ಇವರ ಬಣ್ಣದ ಪಿನ್-ಅಪ್ ಕಾರ್ಡುಗಳಿಗೆ, ಅಂದರೆ ಬೆಡಗಿಯರ ಚಿತ್ರದ ಕಾರ್ಡುಗಳಿಗೆ, ಬೇರೆಯೇ ಅಭಿಮಾನಿಗಳಿದ್ದಾರೆ. ಅರ್ಲ್ ಮೊರಾನ್, ಜೋಯಿ ಮೊಜರ್ಟ್ ಅವರಂಥ ಕಲಾವಿದರ ಚಿತ್ರಗಳು ಅವುಗಳಲ್ಲಿವೆ.

ಹಂತ 1: ಒಂದು ದಾರಿ ಆರಿಸಿಕೊಳ್ಳಿ

ಎಕ್ಸಿಬಿಟ್ ಕಂಪನಿ ಮುದ್ರಿಸದ ವಿಷಯವೇ ಇಲ್ಲವೇನೋ ಅನ್ನಿಸುತ್ತದೆ. ರುಡಾಲ್ಫ್ ವ್ಯಾಲೆಂಟಿನೋನಿಂದ ಹಿಡಿದು ಮೂಕಿ ಕಾಲದ ನಟನಟಿಯರು. ಟಾಮ್ ಮಿಕ್ಸ್, ಜೀನ್ ಆಟ್ರಿ, ರಾಯ್ ರೋಜರ್ಸ್ ಥರದ ಕೌಬಾಯ್‌ಗಳು. ಜ್ಯಾಕ್ ಡೆಂಪ್ಸಿ, ಜೋ ಲೂಯಿಸ್ ಥರದ ಬಾಕ್ಸರ್‌ಗಳು. ಯುದ್ಧವಿಮಾನಗಳು. ನಿಮ್ಮ ಭಾವಿ ಪತಿ ಹೇಗಿರುತ್ತಾನೆ, ಮಕ್ಕಳೆಷ್ಟು ಅಂತ ಹೇಳುವ ಭವಿಷ್ಯದ ಕಾರ್ಡುಗಳು. 1960ರ ದಶಕಕ್ಕೆ ಬಂದರೆ ಬೀಟಲ್ಸ್ ಕೂಡ. ಇವೆಲ್ಲದರ ಮೇಲೆ ಬೇಸ್‌ಬಾಲ್.

ಎಲ್ಲವನ್ನೂ ಕೂಡಿಡುತ್ತೇನೆ ಅಂತ ಹೊರಟರೆ ಆರು ತಿಂಗಳಲ್ಲಿ ಮನೆ ತುಂಬುತ್ತದೆ, ಸಂಗ್ರಹ ಮಾತ್ರ ಆಗಿರುವುದಿಲ್ಲ. ನನ್ನ ಸಲಹೆ ಇಷ್ಟೇ. ದುಡ್ಡು ಕಡಿಮೆ ಇದ್ದರೆ ಕೌಬಾಯ್, ಸಿನಿಮಾ, ವಿಮಾನ ಇವುಗಳಿಂದ ಶುರು ಮಾಡಿ. ಸಾಧಾರಣ ಸ್ಥಿತಿಯ ಕಾರ್ಡು ಕೆಲವೇ ಡಾಲರ್‌ಗೆ ಸಿಗುತ್ತದೆ. ಭವಿಷ್ಯದ ಕಾರ್ಡುಗಳನ್ನು ತುಂಬಾ ಜನ ಕಡೆಗಣಿಸುತ್ತಾರೆ, ನನಗೆ ಅವೇ ಅಚ್ಚುಮೆಚ್ಚು. ಆ ಕಾಲದ ಹುಡುಗ ಹುಡುಗಿಯರು ಯಾವ ಆಸೆಗೆ ನಗುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು ಅನ್ನುವುದು ಅಲ್ಲಿ ಕಾಣುತ್ತದೆ. ನಮ್ಮ ತೂಕದ ಟಿಕೆಟ್ಟಿನ ಒಂದು ಸಾಲಿನ ಭವಿಷ್ಯದ ಹಾಗೆಯೇ.

ಬೇಸ್‌ಬಾಲ್‌ಗೆ ಹೋಗುವುದಾದರೆ ಓದಿಕೊಂಡು ಹೋಗಿ. ಬೆಲೆ ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ.

ಹಂತ 2: ಕಾರ್ಡನ್ನು ಓದಲು ಕಲಿಯಿರಿ

ನಿಜವಾದ ಕೆಲಸ ಇದೇ. ಮಾರುವವರು ಹೇಳುವ ಕಥೆ ಕೇಳುವ ಮೊದಲು ಕಾರ್ಡು ಏನು ಹೇಳುತ್ತಿದೆ ನೋಡಿ.

ಗಾತ್ರ ಅಳೆಯಿರಿ. ಎಕ್ಸಿಬಿಟ್ ಕಾರ್ಡು 3⅜ ಇಂಚು ಅಗಲ, 5⅜ ಇಂಚು ಉದ್ದ. ಅಂದರೆ ಸುಮಾರು 86 ಮಿ.ಮೀ. ಮತ್ತು 137 ಮಿ.ಮೀ. ಮ್ಯೂಟೊಸ್ಕೋಪ್ ಕಾರ್ಡು ಸ್ವಲ್ಪ ಚಿಕ್ಕದು, 3¼ ಮತ್ತು 5¼ ಇಂಚು. ಕೆನಡಾಕ್ಕೆ ಅಂತ ಮಾಡಿದ ಕೆಲವು ಎಕ್ಸಿಬಿಟ್ ಕಾರ್ಡುಗಳೂ ಈ ಚಿಕ್ಕ ಅಳತೆಯವೇ. ಒಂದು ಮಿಲಿಮೀಟರ್ ಆಚೀಚೆ ಇರುವುದು ಸಹಜ. ಅದಕ್ಕಿಂತ ಜಾಸ್ತಿ ಕಡಿಮೆಯಿದ್ದರೆ, ಮೂಲೆಗಳು ಮಾತ್ರ ಹೊಸದರ ಹಾಗೆ ಚೂಪಾಗಿದ್ದರೆ, ಯಾರೋ ಸವೆದ ಅಂಚನ್ನು ಕತ್ತರಿಸಿದ್ದಾರೆ ಅಂತ ಅರ್ಥ. ಕತ್ತರಿಸಿದ ಕಾರ್ಡಿಗೆ ಬೆಲೆ ತೀರಾ ಇಳಿಯುತ್ತದೆ. ಒಂದು ಸ್ಟೀಲ್ ಸ್ಕೇಲ್ ಸದಾ ಜೇಬಿನಲ್ಲಿರಲಿ.

ಬಣ್ಣ ನೋಡಿ. ಬಹುತೇಕ ಎಕ್ಸಿಬಿಟ್ ಕಾರ್ಡುಗಳು ಒಂದೇ ಶಾಯಿಯವು. ಕಪ್ಪು, ಕಂದು, ನೀಲಿ, ಹಸಿರು, ಕೆಂಪು ಹೀಗೆ ಯಾವುದೋ ಒಂದು ಛಾಯೆ. ಒಂದೇ ಚಿತ್ರ ಬೇರೆ ಬೇರೆ ಛಾಯೆಯಲ್ಲಿ ಬಂದದ್ದೂ ಉಂಟು.

ಹಿಂಬದಿ ತಿರುಗಿಸಿ. ಹೆಚ್ಚಿನವು ಖಾಲಿ. ಕೆಲವಕ್ಕೆ ಪೋಸ್ಟ್‌ಕಾರ್ಡಿನ ಹಾಗೆ ವಿಳಾಸದ ಗೆರೆ. 1962ರಲ್ಲಿ ಬೇಸ್‌ಬಾಲ್ ಆಟಗಾರರ ಅಂಕಿಅಂಶವನ್ನು ಹಿಂದೆ ಕಪ್ಪು ಶಾಯಿಯಲ್ಲಿ ಮುದ್ರಿಸಿದರು, 1963ರಲ್ಲಿ ಕೆಂಪು ಶಾಯಿಯಲ್ಲಿ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಸಾಕು, ಆ ಎರಡು ವರ್ಷಗಳನ್ನು ಕತ್ತಲಲ್ಲೂ ಬೇರೆ ಮಾಡಬಹುದು.

ಕೆಳಗಿನ ಅಂಚಿನ ಪುಟ್ಟ ಅಕ್ಷರಗಳನ್ನು ತಪ್ಪದೇ ಓದಿ. ಕಂಪನಿಯ ಹೆಸರು, 'ಮೇಡ್ ಇನ್ ಯುಎಸ್‌ಎ', 'ಪ್ರಿಂಟೆಡ್ ಇನ್ ಯುಎಸ್‌ಎ' ಅಂತೆಲ್ಲ ಇರುತ್ತದೆ. ಒಂದೇ ಚಿತ್ರದ ಎರಡು ಕಾರ್ಡುಗಳಲ್ಲಿ ಈ ಸಾಲು ಬೇರೆ ಇರಬಹುದು. ಅದು ಬೇರೆ ಮುದ್ರಣ ಅನ್ನುವುದಕ್ಕೆ ಸುಳಿವು.

ಹಂತ 3: ಇಸವಿ ಹಿಡಿಯುವುದು

ಈ ಕಾರ್ಡುಗಳ ಮೇಲೆ ಇಸವಿ ಇರುವುದಿಲ್ಲ. ಶುರುವಿನಲ್ಲಿ ಇದು ತಲೆನೋವು, ಆಮೇಲೆ ಇದೇ ಖುಷಿ. ಬೇಸ್‌ಬಾಲ್ ಉದಾಹರಣೆ ಕೊಡುತ್ತೇನೆ.

1921ರ ಸರಣಿಯಲ್ಲಿ 64 ಕಾರ್ಡು. ಆಗ ಇದ್ದದ್ದು 16 ದೊಡ್ಡ ತಂಡ, ತಂಡಕ್ಕೆ ನಾಲ್ಕು ಜನ. 1929ರಿಂದ 1938ರವರೆಗೆ ಕಾರ್ಡನ್ನು ನಾಲ್ಕು ಭಾಗ ಮಾಡಿ ನಾಲ್ಕು ಆಟಗಾರರನ್ನು ಹಾಕಿದರು. ಬೇಬ್ ರೂತ್, ಲೂ ಗೆಹ್ರಿಗ್ ಇಬ್ಬರೂ ಒಂದೇ ಕಾರ್ಡಿನಲ್ಲಿ ಸಿಗುವುದು ಹೀಗೆ. ಅದೇ ಗೆಹ್ರಿಗ್‌ನ 1925ರ ಒಂಟಿ ಕಾರ್ಡು ಈ ಇಡೀ ಲೋಕದ ಕಿರೀಟ. ಅದು ನಮ್ಮಂಥವರ ಕೈಗೆ ಎಟುಕುವುದಲ್ಲ, ನೋಡಿ ಸಂತೋಷಪಡಬಹುದು.

1939ರಿಂದ 1946ರವರೆಗಿನ ಸರಣಿಗೆ 'ಸೆಲ್ಯುಟೇಷನ್ಸ್' ಅಂತ ಹೆಸರು. ಆಟಗಾರನೇ ಬರೆದುಕೊಟ್ಟ ಹಾಗೆ 'ಸಿನ್ಸಿಯರ್ಲಿ ಯುವರ್ಸ್', 'ಬೆಸ್ಟ್ ವಿಶಸ್' ಅಂತ ಒಂದು ಸಾಲು, ಕೆಳಗೆ ಸಹಿ. ಇದು ಮುದ್ರಿತ ಸಹಿ, ನಿಜವಾದದ್ದಲ್ಲ. ಹೊಸಬರು ಇದನ್ನು ಅಸಲಿ ಸಹಿ ಅಂದುಕೊಂಡು ಮೋಸಹೋಗುತ್ತಾರೆ, ದಯವಿಟ್ಟು ಗಮನಿಸಿ. ಈ ಸರಣಿಯಲ್ಲೇ ಟೆಡ್ ವಿಲಿಯಮ್ಸ್‌ನ ಎರಡು ಬಗೆಯ ಕಾರ್ಡಿವೆ. ಒಂದರಲ್ಲಿ ಬೆನ್ನಿನ 9 ಅಂಕಿ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ.

1947ರಿಂದ 1966ರವರೆಗಿನದು ಸಮುದ್ರ. ವರ್ಷ ವರ್ಷ ಕೆಲವರನ್ನು ತೆಗೆಯುತ್ತಾ, ಕೆಲವರನ್ನು ಸೇರಿಸುತ್ತಾ ಹೋದರು. ಕೆಲವು ಚಿತ್ರ ವರ್ಷಗಟ್ಟಲೆ ಹಾಗೇ ಉಳಿಯಿತು. ಇಲ್ಲಿ ಉಡುಪು ನಿಮಗೆ ದಾರಿ ತೋರಿಸುತ್ತದೆ. ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಆಡಲು ಇಳಿದದ್ದು 1947ರಲ್ಲಿ. ಬ್ರೇವ್ಸ್ ತಂಡ ಬಾಸ್ಟನ್ ಬಿಟ್ಟು ಮಿಲ್ವಾಕಿಗೆ ಹೋದದ್ದು 1953ರಲ್ಲಿ. ಡಾಡ್ಜರ್ಸ್ ಮತ್ತು ಜಯಂಟ್ಸ್ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಆಡಲು ಶುರು ಮಾಡಿದ್ದು 1958ರಲ್ಲಿ. ಟೋಪಿಯ ಮೇಲಿನ ಅಕ್ಷರ ನೋಡಿದರೆ ಇದಕ್ಕಿಂತ ಹಿಂದೆ ಹೋಗಲು ಸಾಧ್ಯವಿಲ್ಲ ಅಂತ ಹೇಳಬಹುದು. ಆದರೆ ಒಂದು ಎಚ್ಚರ. ಉಡುಪು ಹೇಳುವುದು ಚಿತ್ರ ತೆಗೆದ ಕಾಲವನ್ನು, ಮುದ್ರಿಸಿದ ಕಾಲವನ್ನಲ್ಲ. ಆಟಗಾರ ತಂಡ ಬಿಟ್ಟರೂ ಹಳೆ ಚಿತ್ರವೇ ಯಂತ್ರದೊಳಗೆ ಇರಬಹುದಿತ್ತು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಒಂದೇ ಇಸವಿ ಬರೆಯಬೇಡಿ, 'ಇಷ್ಟರ ನಂತರ' ಅಂತ ಬರೆಯಿರಿ.

ಸಿನಿಮಾ ಮತ್ತು ಕೌಬಾಯ್ ಕಾರ್ಡುಗಳಿಗೂ ಇದೇ ಲೆಕ್ಕ. ಬಟ್ಟೆ, ಕೂದಲ ಶೈಲಿ, ನಟನ ವಯಸ್ಸು ನೋಡಿ.

ಇದನ್ನೆಲ್ಲ ಮೊದಲು ಕ್ರಮಕ್ಕೆ ತರಲು ಜೀವ ತೇಯ್ದವರು ಜೆಫರ್ಸನ್ ಬರ್ಡಿಕ್. ಅವರ ಅಮೆರಿಕನ್ ಕಾರ್ಡ್ ಕ್ಯಾಟಲಾಗ್‌ನಲ್ಲಿ ಎಕ್ಸಿಬಿಟ್ ಬೇಸ್‌ಬಾಲ್ ಕಾರ್ಡುಗಳಿಗೆ 'ಡಬ್ಲ್ಯೂ' ಅಕ್ಷರದ ಸಂಖ್ಯೆಗಳಿವೆ, ಇವತ್ತಿಗೂ ಜನ ಅದನ್ನೇ ಬಳಸುತ್ತಾರೆ. 1963ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಸಂಗ್ರಹವನ್ನೆಲ್ಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಮೂರು ಲಕ್ಷಕ್ಕೂ ಜಾಸ್ತಿ ಕಾಗದದ ವಸ್ತುಗಳು! ಸಂಧಿವಾತದಿಂದ ಕೈ ಮಡಚಲೂ ಆಗದ ಸ್ಥಿತಿಯಲ್ಲಿ ಆ ಮನುಷ್ಯ ಮ್ಯೂಸಿಯಂಗೆ ಹೋಗಿ ಕೂತು ಕಾರ್ಡುಗಳನ್ನು ಆಲ್ಬಮ್‌ಗೆ ಅಂಟಿಸಿದರು. ನನಗೆ ಅವರನ್ನು ನೆನೆದರೆ ಗೌರವ ಉಕ್ಕುತ್ತದೆ.

ಹಂತ 4: ಎಲ್ಲಿ ಹುಡುಕಬೇಕು

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಹಳೆ ಸಾಮಾನಿನ ಸಂತೆಗಳಿಗೆ ಹೋಗಿ. ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ರೋಸ್ ಬೌಲ್ ಸಂತೆ ಹೆಸರುವಾಸಿ. ಬೆಳಿಗ್ಗೆ ಬೇಗ ಹೋಗಿ, ಸಂಜೆ ಅಂಗಡಿ ಕಟ್ಟುವ ಹೊತ್ತಿಗೂ ಒಂದು ಸುತ್ತು ಹಾಕಿ, ಆಗ ಬೆಲೆ ಇಳಿಯುತ್ತದೆ. ಕಾರ್ಡು ಮಾರುವವರ ಹತ್ತಿರವೇ ಹೋಗಬೇಕು ಅಂತಿಲ್ಲ. ಹಳೆ ಪೋಸ್ಟ್‌ಕಾರ್ಡು ಮಾರುವವರ ಡಬ್ಬಿಗಳಲ್ಲಿ ಎಕ್ಸಿಬಿಟ್‌ಗಳು ಬೆರೆತುಹೋಗಿರುತ್ತವೆ, ಗಾತ್ರ ಹತ್ತಿರ ಹತ್ತಿರ ಒಂದೇ ಅಲ್ವಾ. ನನ್ನ ಅತ್ಯುತ್ತಮ ಕಾರ್ಡುಗಳು ಸಿಕ್ಕಿದ್ದು ಅಂಥ ಡಬ್ಬಿಗಳಲ್ಲೇ. ಕ್ರೀಡಾ ಕಾರ್ಡುಗಳ ದೊಡ್ಡ ಜಾತ್ರೆ ನ್ಯಾಷನಲ್ ಸ್ಪೋರ್ಟ್ಸ್ ಕಲೆಕ್ಟರ್ಸ್ ಕನ್ವೆನ್ಷನ್, 1980ರಲ್ಲಿ ಶುರುವಾದದ್ದು, ವರ್ಷಕ್ಕೊಮ್ಮೆ ನಡೆಯುತ್ತದೆ. ಒಮ್ಮೆಯಾದರೂ ಹೋಗಿ, ಕೊಳ್ಳದಿದ್ದರೂ ಪರವಾಗಿಲ್ಲ. ಅಸಲಿ ಕಾರ್ಡುಗಳನ್ನು ನೂರಾರು ಸಂಖ್ಯೆಯಲ್ಲಿ ಕಣ್ಣಾರೆ ನೋಡುವುದಕ್ಕಿಂತ ದೊಡ್ಡ ಪಾಠ ಇಲ್ಲ.

ಊರಲ್ಲಿ ಕೂತು ಸಂಗ್ರಹಿಸುವವರಿಗೆ ಇಬೇ ಅನ್ನುವ ಆನ್‌ಲೈನ್ ಹರಾಜು ತಾಣವೇ ಮುಖ್ಯ ದಾರಿ. ಬೆಲೆ ತಿಳಿಯಲು ಮಾರಾಟಕ್ಕಿಟ್ಟ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದ ಬೆಲೆ ನೋಡಿ. ಅದಕ್ಕೆ ಪ್ರತ್ಯೇಕ ಆಯ್ಕೆ ಇದೆ. ಒಂದೊಂದೇ ಕಾರ್ಡು ತರಿಸಿದರೆ ಅಂಚೆ ಖರ್ಚೇ ಕಾರ್ಡಿಗಿಂತ ಜಾಸ್ತಿಯಾಗುತ್ತದೆ. ಒಬ್ಬರೇ ಮಾರಾಟಗಾರರಿಂದ ಹತ್ತಿಪ್ಪತ್ತು ಒಟ್ಟಿಗೆ ತರಿಸಿ. ಕಸ್ಟಮ್ಸ್ ಸುಂಕ ಬೀಳಬಹುದು, ಅದನ್ನೂ ಲೆಕ್ಕಕ್ಕೆ ಹಿಡಿದೇ ಬೆಲೆ ಕೂಗಿ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಎರಡು ಗಟ್ಟಿ ರಟ್ಟಿನ ನಡುವೆ ಕಟ್ಟಿ, ಕೈಚೀಲದಲ್ಲಿ ಇಡಲು ಹೇಳಿ.

ಹಂತ 5: ನಕಲಿ ಮತ್ತು ಮರುಮುದ್ರಣ

ಎರಡೂ ಬೇರೆ. ಹಳೆ ಎಕ್ಸಿಬಿಟ್ ಚಿತ್ರಗಳನ್ನು ಆಮೇಲೆ ಬಹಿರಂಗವಾಗಿಯೇ ಮರುಮುದ್ರಿಸಿದ್ದುಂಟು. ಅದು ಮೋಸವಲ್ಲ. ಅದನ್ನು ಹಳೆಯದು ಅಂತ ಮಾರುವುದು ಮೋಸ.

ಪರೀಕ್ಷೆಗೆ ಮೂರು ಸಾಧನ ಸಾಕು. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಪುಟ್ಟ ನೇರಳಾತೀತ ಟಾರ್ಚು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಖಂಡಿತ ಅಸಲಿ ಅಂತ ಗೊತ್ತಿರುವ ಒಂದು ಅಗ್ಗದ ಕಾರ್ಡು. ಈ ಮೂರನೆಯದನ್ನು ಯಾರೂ ಹೇಳುವುದಿಲ್ಲ. ಕೆಲವೇ ಡಾಲರ್‌ನ ಹರಿದ ಕೌಬಾಯ್ ಕಾರ್ಡೇ ಆಗಲಿ, ಅದರ ದಪ್ಪ, ಅಂಚಿನ ಬಣ್ಣ, ಮುಟ್ಟಿದಾಗಿನ ಒರಟುತನ ನಿಮ್ಮ ಬೆರಳಿಗೆ ಗೊತ್ತಾಗಬೇಕು.

ಭೂತಗನ್ನಡಿಯಲ್ಲಿ ಕಂದು ಬಣ್ಣದ ಭಾಗ ನೋಡಿ. ಒಂದೇ ಶಾಯಿಯ ಕಾರ್ಡಾದರೆ ಒಂದೇ ಬಣ್ಣ ಕಾಣಬೇಕು. ಹಳದಿ, ಗುಲಾಬಿ, ತಿಳಿನೀಲಿ ಚುಕ್ಕಿಗಳು ಸೇರಿ ಕಂದಾಗಿದ್ದರೆ ಅದು ಈಚಿನ ಕಂಪ್ಯೂಟರ್ ಮುದ್ರಣ. ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕು ಹಿಡಿಯಿರಿ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. 1920ರ ಕಾರ್ಡು ಅಂತ ಹೇಳಿದ್ದು ನೀಲಿ ಬಿಳುಪಾಗಿ ಫಳಫಳ ಹೊಳೆದರೆ ಸುಮ್ನೆ ವಾಪಸ್ ಕೊಟ್ಟುಬಿಡಿ. 1950, 60ರ ದಶಕದ ಕಾರ್ಡಿಗೆ ಮಾತ್ರ ಈ ಪರೀಕ್ಷೆ ನಂಬಬೇಡಿ, ಅಸಲಿಯೂ ಹೊಳೆಯಬಹುದು.

ಹಿಂಬದಿಗೆ ಚಹಾ ಬಳಿದು ಹಳೆಯದು ಮಾಡುವವರೂ ಇದ್ದಾರೆ. ಅಸಲಿ ಕಾರ್ಡು ಅಂಚಿನಿಂದ ಒಳಕ್ಕೆ ನಿಧಾನವಾಗಿ ಕಂದಾಗುತ್ತದೆ. ಬಳಿದದ್ದು ಕಲೆ ಕಲೆಯಾಗಿ, ಇಲ್ಲವೇ ಎಲ್ಲ ಕಡೆ ಒಂದೇ ಥರ ಇರುತ್ತದೆ. ನಾನು ಶುರುವಿನಲ್ಲಿ ಬಾಕ್ಸರ್ ಒಬ್ಬನ ಕಾರ್ಡಿಗೆ ಒಂದು ವಾರದ ಸಂತೆಯ ದುಡ್ಡನ್ನೆಲ್ಲ ಸುರಿದೆ. ಮನೆಗೆ ತಂದು ನನ್ನ ಬೇರೆ ಕಾರ್ಡುಗಳ ಪಕ್ಕ ಇಟ್ಟಾಗ ದಪ್ಪವೇ ಬೇರೆ. ಅವತ್ತು ರಾತ್ರಿ ಬಹಳ ನೋವಾಯಿತು. ಆ ಕಾರ್ಡನ್ನು ಇಟ್ಟುಕೊಂಡಿದ್ದೇನೆ, ಹಿಂದೆ ಪೆನ್ಸಿಲ್‌ನಲ್ಲಿ 'ನಕಲಿ' ಅಂತ ಬರೆದು. ನನ್ನ ನಂತರ ಯಾರ ಕೈಗೋ ಸಿಕ್ಕಿ ಅವರೂ ಮೋಸಹೋಗಬಾರದು.

ದೊಡ್ಡ ಬೆಲೆಯ ಕಾರ್ಡಾದರೆ ಪಿಎಸ್‌ಎ, ಎಸ್‌ಜಿಸಿ ಥರದ ಸಂಸ್ಥೆಗಳು ಪರೀಕ್ಷಿಸಿ, 1ರಿಂದ 10ರವರೆಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ. ಅಗ್ಗದ ಕಾರ್ಡಿಗೆ ಇದು ದಂಡ. ಶುಲ್ಕವೇ ಕಾರ್ಡಿನ ಬೆಲೆ ಮೀರುತ್ತದೆ.

ಹಂತ 6: ಸ್ಥಿತಿ

ಇವು ಜೇಬಿನಲ್ಲಿ ಹಿಡಿಸದ ಗಾತ್ರದ ಕಾರ್ಡುಗಳು. ಮಕ್ಕಳು ಮಡಚಿದರು, ಗೋಡೆಗೆ ಗುಂಡುಸೂಜಿ ಚುಚ್ಚಿದರು, ಕಪ್ಪು ಹಾಳೆಯ ಆಲ್ಬಮ್‌ಗೆ ಅಂಟಿಸಿದರು. ಹಾಗಾಗಿ ಮೂಲೆ ಸವೆದಿರುವುದು, ಹಿಂಬದಿಯಲ್ಲಿ ಕಪ್ಪು ಕಾಗದದ ಚೂರು ಇರುವುದು ಮಾಮೂಲು. ಅದಕ್ಕೆ ಬೇಸರ ಪಡಬೇಡಿ. ಮುಖದ ಮೇಲೆ ಮಡಿಕೆ ಹಾದುಹೋಗಿರಬಾರದು, ಚಿತ್ರ ಸ್ಪಷ್ಟವಾಗಿರಬೇಕು, ಇಷ್ಟು ನೋಡಿದರೆ ಸಾಕು.

ಹಿಂದಿನ ಅಂಟು ತೆಗೆಯಲು ಕೆಲವರು ನೀರಲ್ಲಿ ನೆನೆಸಿ ಅನ್ನುತ್ತಾರೆ. ನಾನೂ ಒಮ್ಮೆ ಮಾಡಿದೆ. ಹಸಿರು ಛಾಯೆಯ ಒಂದು ಚೆಂದದ ಮೂಕಿ ನಟಿಯ ಕಾರ್ಡು. ರಟ್ಟಿನ ಪದರ ಬಿಟ್ಟುಕೊಂಡು, ಚಿತ್ರದ ಚರ್ಮವೇ ಮೇಲೆದ್ದು ಬಂತು. ಬೇಡ. ಆ ಕಪ್ಪು ಚೂರುಗಳೂ ಕಾರ್ಡಿನ ಜೀವನದ ಭಾಗವೇ, ಹಾಗೇ ಬಿಡಿ. ಸಣ್ಣ ಧೂಳಾದರೆ ಮೆತ್ತನೆಯ ಒಣ ಕುಂಚದಿಂದ ತೆಗೆಯಿರಿ.

ಹಂತ 7: ಇಡುವುದು ಹೇಗೆ

ಪಿವಿಸಿ ಪ್ಲಾಸ್ಟಿಕ್ ಹತ್ತಿರವೂ ಬೇಡ. ಸ್ಟೇಷನರಿ ಅಂಗಡಿಯ ಮೆತ್ತನೆಯ, ವಾಸನೆ ಬರುವ ಫೋಲ್ಡರ್‌ಗಳು ಹೆಚ್ಚಾಗಿ ಅದೇ. ವರ್ಷಗಳು ಕಳೆದಂತೆ ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ, ಆಮ್ಲವನ್ನೂ ಬಿಡುತ್ತದೆ. ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಕವರು ಬಳಸಿ. ಪೋಸ್ಟ್‌ಕಾರ್ಡ್ ಗಾತ್ರದ ಕವರು ಸರಿಹೊಂದುತ್ತದೆ. ಆಮೇಲೆ ಆಮ್ಲರಹಿತ ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ, ತೀರಾ ಬಿಗಿಯಾಗಿ ಬೇಡ, ತೀರಾ ಸಡಿಲವಾದರೆ ಬಾಗುತ್ತವೆ.

ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನವರಿಗೆ ಒಂದು ಮಾತು. ನಿಮ್ಮ ಶತ್ರು ಮಳೆಗಾಲ. ಗೋಡೆಗೆ ತಾಗಿದ ಬೀರುವಿನಲ್ಲಿ, ನೆಲಮಟ್ಟದಲ್ಲಿ ಇಡಬೇಡಿ. ಸಿಲಿಕಾ ಜೆಲ್ ಚೀಲಗಳ ಜೊತೆ ಗಾಳಿ ಹೋಗದ ಡಬ್ಬಿಯಲ್ಲಿಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಜೆಲ್ ಬದಲಾಯಿಸಿ. ತೇವ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ, ಶೇಕಡ 50ರ ಒಳಗಿದ್ದರೆ ನೆಮ್ಮದಿ. ಸಿಲ್ವರ್‌ಫಿಶ್ ಹುಳಕ್ಕೆ ಹಳೆ ಅಂಟು ಅಂದರೆ ಪ್ರಾಣ. ನುಸಿಗುಳಿಗೆಯನ್ನು ಮಾತ್ರ ಕಾರ್ಡಿನ ಡಬ್ಬಿಯೊಳಗೆ ಹಾಕಬೇಡಿ.

ಗೋಡೆಗೆ ಹಾಕುವ ಆಸೆಯಾದರೆ ಸ್ಕ್ಯಾನ್ ಮಾಡಿ, ಅದರ ಪ್ರತಿಯನ್ನು ಹಾಕಿ. ಬಿಸಿಲು ಒಂದೆರಡು ವರ್ಷದಲ್ಲೇ ಛಾಯೆಯನ್ನು ಕುಡಿದುಬಿಡುತ್ತದೆ.

ಹಂತ 8: ಬರೆದಿಡಿ

ಒಂದು ನೋಟ್‌ಬುಕ್ಕೋ ಸ್ಪ್ರೆಡ್‌ಶೀಟೋ. ಪ್ರತಿ ಕಾರ್ಡಿಗೆ ಒಂದು ಸಂಖ್ಯೆ. ಯಾರ ಚಿತ್ರ, ಯಾವ ಛಾಯೆ, ಅಳತೆ, ಹಿಂಬದಿ ಹೇಗಿದೆ, ಕೆಳಗಿನ ಪುಟ್ಟ ಸಾಲಿನಲ್ಲಿ ಏನಿದೆ, ಅಂದಾಜು ಕಾಲ, ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ. ಹಿಂಬದಿಯಲ್ಲಿ ಯಾರಾದರೂ ಏನಾದರೂ ಬರೆದಿದ್ದರೆ ಅದನ್ನು ಪೂರ್ತಿ ನಕಲು ಮಾಡಿಕೊಳ್ಳಿ. ಬರಹ ಇದ್ದರೆ ಬೆಲೆ ಕಡಿಮೆ ಅಂತ ಮಾರುಕಟ್ಟೆ ಹೇಳುತ್ತದೆ, ಆದರೆ ನಾನು ಅಂಥವನ್ನೇ ಹುಡುಕಿ ಕೊಳ್ಳುತ್ತೇನೆ. ನನ್ನ ಹತ್ತಿರ ಒಂದು ವಿಮಾನದ ಕಾರ್ಡಿದೆ. ಹಿಂದೆ ಮಗುವಿನ ಕೈಬರಹದಲ್ಲಿ ಇದು ಮೂರನೇ ಸಲ ಬಂತು ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಬೇರೆ ಯಾವುದೋ ಕಾರ್ಡಿಗಾಗಿ ಆ ಮಗು ಮೂರು ಸಲ ಸೆಂಟ್ ಹಾಕಿರಬೇಕು.

ಮನೆಯ ಹಳೆ ಟ್ರಂಕಿನಲ್ಲಿ, ಅಪ್ಪನ ಡೈರಿಯ ಪುಟಗಳ ನಡುವೆ ಸ್ಟೇಷನ್ನಿನ ತೂಕದ ಟಿಕೆಟ್ ಸಿಕ್ಕರೆ ಅದನ್ನೂ ಹೀಗೆಯೇ ಕವರಿಗೆ ಹಾಕಿ, ಸಂಖ್ಯೆ ಕೊಟ್ಟು, ಯಾವ ಸ್ಟೇಷನ್, ಯಾರ ತೂಕ ಅಂತ ಗೊತ್ತಿರುವವರನ್ನು ಇವತ್ತೇ ಕೇಳಿ ಬರೆದುಕೊಳ್ಳಿ.